ಮೂಕಿ ಕಾಲದ ಕಿರುಚಿತ್ರಗಳನ್ನು ಮನೆಯಲ್ಲೇ ಪರದೆ ಕಟ್ಟಿ ತೋರಿಸುವುದು ಹೇಗೆ?

ಮೂರು ವರ್ಷದ ಹಿಂದೆ ದಸರಾ ರಜೆಯಲ್ಲಿ ಅಕ್ಕನ ಮಕ್ಕಳನ್ನು ಟಿವಿ ಮುಂದೆ ಕೂರಿಸಿ, ಸಿನಿಮಾ ಹುಟ್ಟಿದ ಕಾಲದ ಸಿನಿಮಾ ತೋರಿಸ್ತೀನಿ ಅಂದೆ. ಕಾರ್ಖಾನೆಯ ಬಾಗಿಲು ತೆರೆಯಿತು, ಹೆಂಗಸರು ದಡದಡನೆ ಹೊರಗೆ ಬಂದರು, ನಾಯಿಯೊಂದು ಓಡಿತು, ಮುಗಿಯಿತು. "ಮಾಮಾ, ಟ್ರೈಲರ್ ಆಯ್ತಲ್ಲ, ಈಗ ಸಿನಿಮಾ ಹಾಕು" ಅಂದಳು ಚಿಕ್ಕವಳು. ನಾನು ಎರಡನೆಯದನ್ನು ಹುಡುಕುವಷ್ಟರಲ್ಲಿ ಇಬ್ಬರೂ ಅಂಗಳ ಸೇರಿದ್ದರು.

ತಪ್ಪು ನನ್ನದೇ. ಆಗಿನ ಕಾಲದಲ್ಲಿ ಚಿತ್ರ ತೆಗೆದವನು ಕೊಡುತ್ತಿದ್ದುದು ಬರೀ ಸುರುಳಿ. ಯಾವುದು ಮೊದಲು, ಯಾವುದು ಆಮೇಲೆ, ಯಂತ್ರದ ಹಿಡಿಯನ್ನು ಎಷ್ಟು ವೇಗವಾಗಿ ತಿರುಗಿಸಬೇಕು, ಪಕ್ಕದಲ್ಲಿ ಏನು ಬಾರಿಸಬೇಕು, ಬಾಯಲ್ಲಿ ಏನು ಹೇಳಬೇಕು, ಇದೆಲ್ಲ ತೋರಿಸುವವನ ಪಾಲಿನ ಕೆಲಸ. ಸುರುಳಿ ಅಂದರೆ ದಿನಸಿ, ಅಡುಗೆ ಆಗುತ್ತಿದ್ದದ್ದು ಪರದೆಯ ಮುಂದೆ. ನಾನು ಹಸಿ ಅಕ್ಕಿ ಬಡಿಸಿದ್ದೆ, ಮಕ್ಕಳು ಎದ್ದು ಹೋದರು.

ಅಂದಿನಿಂದ ಹತ್ತು ಹನ್ನೆರಡು ಸಲ ಈ ಆಟ ಆಡಿಸಿದ್ದೇನೆ: ಮಹಡಿಯ ಮೇಲೆ, ಮದುವೆ ಮನೆಯಲ್ಲಿ, ಒಮ್ಮೆ ಒಂದು ಶಾಲೆಯ ಊಟದ ಕೋಣೆಯಲ್ಲಿ. ಒಂದು ಸಂಜೆಗೆ, ಒಂದು ಗಂಟೆಗೆ ಸಾಕಾಗುವ ವಿಧಾನ ಇಲ್ಲಿದೆ.

ಹಂತ 1: ಸಾಲು ಹೊಂದಿಸಿ

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ, ಸಿನಿಮಾ ಯಂತ್ರ ಕಟ್ಟಿದ ಫ್ರಾನ್ಸಿನ ಲೂಮಿಯೇರ್ ಸೋದರರ ಮೊದಲ ಟಿಕೆಟ್ ಆಟ ನಡೆದಾಗ ಹತ್ತು ಚಿತ್ರಗಳಿದ್ದವು. ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಟಿಕೆಟ್ ಒಂದು ಫ್ರಾಂಕ್, ದುಡ್ಡು ಕೊಟ್ಟು ಬಂದವರು 33 ಜನ. ಆರು ತಿಂಗಳು ಕಳೆದು 1896ರ ಜುಲೈ 7ಕ್ಕೆ ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಆರು ಚಿತ್ರ ಹಾಕಿದರು. ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಲೂಮಿಯೇರ್‌ಗಳ ಕಡೆಯವನು ಮಾರಿಯಸ್ ಸೆಸ್ಟಿಯೆ ದಾರಿಯಲ್ಲಿ ಇಳಿದು ತೋರಿಸಿದ್ದು, ಟಿಕೆಟ್ ಒಂದು ರೂಪಾಯಿ. ಎರಡೂ ಕಡೆ ಜನ ನೋಡಿದ್ದು ಬಿಡಿ ಚಿತ್ರಗಳ ಸಾಲನ್ನು. ನೀವೂ ಸಾಲನ್ನೇ ಯೋಚಿಸಿ.

ನನ್ನ ಸಾಲು ಹೀಗಿದೆ. ಲೂಮಿಯೇರ್‌ಗಳ ನಾಲ್ಕು: ಕಾರ್ಖಾನೆ ಬಿಡುವ ಹೊತ್ತು, ತೋಟಗಾರನಿಗೇ ನೀರು, ಮಗುವಿನ ಊಟ, ಗೋಡೆ ಕೆಡವುವುದು. ಆಮೇಲೆ ಪ್ಯಾರಿಸ್ಸಿನ ಜಾದೂಗಾರ ಜಾರ್ಜ್ ಮೆಲಿಯೆಸ್‌ನ 1898ರ ನಾಲ್ಕು ತಲೆಯ ಮನುಷ್ಯ. ಇಂಗ್ಲೆಂಡಿನ ಕಡಲತೀರದ ಊರು ಹೋವ್‌ನ ಇಬ್ಬರದು ಒಂದೊಂದು: ಜಿ. ಎ. ಸ್ಮಿತ್‌ನ ಅಜ್ಜಿಯ ಭೂತಗನ್ನಡಿ (1900), ಜೇಮ್ಸ್ ವಿಲಿಯಮ್ಸನ್‌ನ ದೊಡ್ಡ ನುಂಗು (1901). ಎಮಿಲ್ ಕೋಲ್‌ನ ಗೆರೆಚಿತ್ರ (1908). ಸಣ್ಣ ಬಿಡುವು. ಬಿಡುವಿನ ನಂತರ ಎರಡು ದೊಡ್ಡವು: ಮೆಲಿಯೆಸ್‌ನ ಚಂದ್ರಯಾನ (1902), ಅಮೆರಿಕದ ಎಡಿಸನ್ ಕಂಪನಿಗೆ ಎಡ್ವಿನ್ ಪೋರ್ಟರ್ ತೆಗೆದ ರೈಲು ದರೋಡೆ (1903). ಚಿತ್ರಗಳ ಹೊತ್ತು ಒಟ್ಟು 35 ನಿಮಿಷದ ಆಸುಪಾಸು, ಉಳಿದದ್ದು ಮಾತು. ಹುಡುಕುವಾಗ ತೆಗೆದವನ ಹೆಸರು ಮತ್ತು ಇಸವಿ ಹಾಕಿದರೆ ಸಿಗುತ್ತವೆ.

ಈ ಕ್ರಮವನ್ನು ಸುಮ್ಮನೆ ಇಟ್ಟಿಲ್ಲ. ಕಾರ್ಖಾನೆಯ ಚಿತ್ರದಲ್ಲಿ ಕಥೆಯಿಲ್ಲ, ತೋಟಗಾರನದ್ದರಲ್ಲಿ ಒಂದು ಚೇಷ್ಟೆ ಇದೆ, ಭೂತಗನ್ನಡಿಯಲ್ಲಿ ಹತ್ತಿರದ ನೋಟ ಬರುತ್ತದೆ, ರೈಲು ದರೋಡೆಗೆ ಬರುವಷ್ಟರಲ್ಲಿ ದೃಶ್ಯಕ್ಕೆ ದೃಶ್ಯ ಜೋಡಿಸಿ ಕಥೆ ಹೇಳಲು ಕಲಿತಾಗಿದೆ. ನೋಡುವವರ ಕಣ್ಣೂ ಅದೇ ದಾರಿಯಲ್ಲಿ ಪಳಗುತ್ತದೆ. ಚಂದ್ರಯಾನದಿಂದ ಶುರು ಮಾಡಿದರೆ ಮಗುವಿನ ಊಟಕ್ಕೆ ಯಾರೂ ಕೂರುವುದಿಲ್ಲ, ಇದನ್ನು ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ದೊಡ್ಡವರೇ ಹೆಚ್ಚಿದ್ದರೆ ರೈಲು ದರೋಡೆಯ ಮುಂಚೆ ಫ್ರಾನ್ಸಿನ ನಿರ್ದೇಶಕಿ ಆಲಿಸ್ ಗೀ 1906ರಲ್ಲಿ ಮಾಡಿದ ಸ್ತ್ರೀವಾದದ ಪರಿಣಾಮಗಳು ಎಂಬ ಚಿತ್ರ ಸೇರಿಸಿ. ಗಂಡಸರು ಇಸ್ತ್ರಿ ಹಾಕುತ್ತ ಮಕ್ಕಳನ್ನು ಆಡಿಸುತ್ತ ಕೂತರೆ ಹೆಂಗಸರು ಕುಡಿಯುತ್ತ ಸೇದುತ್ತ ದರ್ಬಾರು ನಡೆಸುತ್ತಾರೆ. ಮದುವೆ ಮನೆಯಲ್ಲಿ ಅತಿ ಹೆಚ್ಚು ನಗು ಬಂದದ್ದು ಇದಕ್ಕೆ, ಅತಿ ಹೆಚ್ಚು ಚರ್ಚೆಯೂ ಇದಕ್ಕೇ.

ಹಂತ 2: ಒಳ್ಳೆಯ ಪ್ರತಿ ಹುಡುಕಿ

ಈ ಚಿತ್ರಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಆದರೆ ಅವುಗಳಿಗೆ ಈಚೆಗೆ ಸೇರಿಸಿದ ಸಂಗೀತದ್ದು ಮುಗಿದಿರುವುದಿಲ್ಲ. ಮನೆಯಾಚೆ ಸಾರ್ವಜನಿಕವಾಗಿ ತೋರಿಸುವುದಾದರೆ ಆ ಧ್ವನಿ ಬಂದ್ ಮಾಡಿ, ನಿಮ್ಮದೇ ಹಾಕಿಕೊಳ್ಳಿ.

ಎಲ್ಲಿ ಸಿಗುತ್ತವೆ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಎಡಿಸನ್ ಕಂಪನಿಯ ಚಿತ್ರಗಳನ್ನು ಇಳಿಸಿಕೊಳ್ಳಬಹುದು. ಇವು ಉಳಿದ ಕಥೆಯೇ ಸೊಗಸಾಗಿದೆ. 1912ರ ತನಕ ಅಲ್ಲಿನ ಕಾನೂನಿನಲ್ಲಿ ಸಿನಿಮಾ ಅನ್ನುವ ಬಾಬತ್ತೇ ಇರಲಿಲ್ಲ. ಹಾಗಾಗಿ ಕಂಪನಿಗಳು ಇಡೀ ಚಿತ್ರವನ್ನು ಉದ್ದನೆ ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕಿ ಫೋಟೋ ಎಂದು ನೋಂದಣಿ ಮಾಡಿಸುತ್ತಿದ್ದವು. ಬೇಗ ಬೆಂಕಿ ಹತ್ತುವ ನೈಟ್ರೇಟ್ ಫಿಲ್ಮು ಸುಟ್ಟುಹೋಯಿತು, ಕೊಳೆತುಹೋಯಿತು. ಕಾಗದ ಉಳಿಯಿತು. ಅದರ ಒಂದೊಂದು ಚೌಕವನ್ನೂ (ಫ್ರೇಮನ್ನೂ) ಮತ್ತೆ ಫಿಲ್ಮಿಗೆ ಇಳಿಸಿದರು. ಇತ್ತ ಮೆಲಿಯೆಸ್ 1923ರಲ್ಲಿ ತನ್ನ ನೆಗೆಟಿವ್‌ಗಳನ್ನು ತಾನೇ ಸುಟ್ಟ.

ಬ್ರಿಟಿಷ್ ಚಿತ್ರಗಳಿಗೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ (ಬಿಎಫ್ಐ) ತಾಣ, ಉಳಿದವಕ್ಕೆ ವಿಕಿಮೀಡಿಯ ಕಾಮನ್ಸ್ ಮತ್ತು ಇಂಟರ್ನೆಟ್ ಆರ್ಕೈವ್ ನೋಡಿ. ಒಂದೇ ಚಿತ್ರದ ಮೂರು ನಾಲ್ಕು ಪ್ರತಿ ಸಿಕ್ಕರೆ ಮೂರು ಪರೀಕ್ಷೆ ಮಾಡಿ.

ಮೊದಲು ಗಾಲಿ ನೋಡಿ. ಕಾರ್ಖಾನೆಯ ಚಿತ್ರದಲ್ಲಿ ಸೈಕಲ್ ಬರುತ್ತದೆ, ಅದರ ಚಕ್ರ ಗುಂಡಗಿದೆಯೇ? ಮೊಟ್ಟೆಯಂತಿದ್ದರೆ ಯಾರೋ ಚಿತ್ರವನ್ನು ಈಗಿನ ಟಿವಿಯ ಅಗಲಕ್ಕೆ ಎಳೆದಿದ್ದಾರೆ. ಆಗಿನ ಚೌಕಟ್ಟು ಮೂರು ಎತ್ತರಕ್ಕೆ ನಾಲ್ಕು ಅಗಲ, ಎರಡೂ ಪಕ್ಕ ಕಪ್ಪು ಪಟ್ಟಿ ಇದ್ದರೆ ಅದೇ ಸರಿ.

ಎರಡನೆಯದು, ಬಣ್ಣ. ಕೈಯಿಂದ ಬಣ್ಣ ಹಾಕಿದ ಪ್ರತಿಗಳು ಆಗಲೇ ಇದ್ದವು. ಪ್ಯಾರಿಸ್ಸಿನಲ್ಲಿ ಎಲಿಜಬೆತ್ ತುಯಿಲ್ಯೇ ಎಂಬಾಕೆಯ ಕಾರ್ಯಾಗಾರದಲ್ಲಿ ಹೆಂಗಸರು ಕುಂಚ ಹಿಡಿದು ಚೌಕ ಚೌಕಕ್ಕೂ ಬಣ್ಣ ಹಚ್ಚುತ್ತಿದ್ದರು. ಚಂದ್ರಯಾನದ ಅಂಥದೊಂದು ಬಣ್ಣದ ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕಿ, ದುರಸ್ತಿಯಾಗಿ 2011ರಲ್ಲಿ ಕಾನ್ ಚಲನಚಿತ್ರೋತ್ಸವದಲ್ಲಿ ಪರದೆ ಕಂಡಿತು. ಸಿಕ್ಕರೆ ಅದನ್ನು ಬಿಡಬೇಡಿ. ಬಿಡಬೇಕಾದದ್ದು ಕಂಪ್ಯೂಟರ್ ಬಣ್ಣ ಹಚ್ಚಿ, ಸೆಕೆಂಡಿಗೆ 60 ಚೌಕ ಮಾಡಿ ನುಣುಪಾಗಿಸಿದ್ದನ್ನು. ಅದರಲ್ಲಿ ನೀವು ನೋಡುವ ಚೌಕಗಳಲ್ಲಿ ಹೆಚ್ಚಿನವನ್ನು ಯಂತ್ರವೇ ಊಹಿಸಿ ಬರೆದಿರುತ್ತದೆ.

ಮೂರನೆಯದು, ಹೆಸರನ್ನು ನಂಬಬೇಡಿ. 1899ರ ಒಂದು ಚಿತ್ರಕ್ಕೆ ಗಂಗೆಯಿಂದ ಕಂಡ ಕಲ್ಕತ್ತಾ ನೋಟ ಎಂಬ ಹೆಸರಿದೆ. ತೆರೆದು ನೋಡಿದರೆ ಕಾಣುವುದು ಕಾಶಿಯ ಘಾಟುಗಳು! ಲೂಮಿಯೇರ್ ಕಾರ್ಖಾನೆಯ ಚಿತ್ರವೂ ಒಂದಲ್ಲ, ಮೂರು: ಒಂದರಲ್ಲಿ ಒಂಟಿ ಕುದುರೆಯ ಗಾಡಿ, ಒಂದರಲ್ಲಿ ಜೋಡಿ ಕುದುರೆ, ಇನ್ನೊಂದರಲ್ಲಿ ಕುದುರೆಯೇ ಇಲ್ಲ. ಮೂರನ್ನೂ ಒಂದಾದ ಮೇಲೊಂದು ಹಾಕಿದರೆ ಒಳ್ಳೆಯ ತಮಾಷೆ. ಕಾರ್ಮಿಕರು ಸಹಜವಾಗಿ ಕೆಲಸ ಬಿಟ್ಟು ಬರುತ್ತಿದ್ದಾರೆ ಎಂದುಕೊಂಡವರಿಗೆ, ಮತ್ತೆ ಮತ್ತೆ ಹೊರಡಿಸಿ ತೆಗೆದದ್ದು ಎಂದು ಆಗ ಗೊತ್ತಾಗುತ್ತದೆ. ಅಷ್ಟು ಜನರಲ್ಲಿ ಹೆಚ್ಚಿನವರು ಕ್ಯಾಮೆರಾ ಕಡೆ ತಿರುಗಿಯೂ ನೋಡದಿರುವುದನ್ನು ಗಮನಿಸಿ, ಹೇಳಿಕೊಟ್ಟಿರದೆ ಹಾಗಾಗುತ್ತದೆಯೇ?

ಹಂತ 3: ವೇಗ ಸರಿಮಾಡಿ

ಇದೊಂದು ಕೆಲಸ ಮಾಡಿದರೆ ಅರ್ಧ ಗೆದ್ದಂತೆ. ಮೂಕಿ ಚಿತ್ರ ಅಂದರೆ ಜನ ಕುಕ್ಕುಕ್ಕು ಓಡುವುದು ಎಂಬ ನಂಬಿಕೆ ಬಂದದ್ದೇ ತಪ್ಪು ವೇಗದಿಂದ.

ಆಗ ಕ್ಯಾಮೆರಾಕ್ಕೆ ಹಿಡಿ ಇತ್ತು, ಕೈಯಲ್ಲಿ ತಿರುಗಿಸಬೇಕು. ಲೂಮಿಯೇರ್ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು 16 ಚೌಕ ಸರಿಯುತ್ತಿದ್ದವು. ಮಾತು ಬಂದ ಮೇಲೆ 24 ಎಂದು ಗೊತ್ತುಮಾಡಿದರು. ಹದಿನಾರರಲ್ಲಿ ತೆಗೆದದ್ದನ್ನು ಇಪ್ಪತ್ತನಾಲ್ಕರಲ್ಲಿ ಓಡಿಸಿದರೆ ನಡೆಯುವವನು ಓಡುತ್ತಾನೆ, ಓಡುವವನು ಹಾರುತ್ತಾನೆ.

ನಿಮ್ಮ ಪ್ರತಿ ಸರಿಯಿದೆಯೇ ಎಂದು ತಿಳಿಯಲು ಬಾಯಿಲೆಕ್ಕ ಸಾಕು. 35 ಮಿಲಿಮೀಟರ್ ಫಿಲ್ಮಿನ ಒಂದು ಮೀಟರಿನಲ್ಲಿ ಸುಮಾರು 52 ಚೌಕ. ಉದ್ದವನ್ನು 52ರಿಂದ ಗುಣಿಸಿ, ಸೆಕೆಂಡಿಗೆ ಎಷ್ಟು ಚೌಕವೋ ಅದರಿಂದ ಭಾಗಿಸಿ. ಲೂಮಿಯೇರ್ ಸುರುಳಿ 17 ಮೀಟರ್, ಅಂದರೆ 884 ಚೌಕ, 16ರ ಲೆಕ್ಕದಲ್ಲಿ 55 ಸೆಕೆಂಡು. ತುದಿಗಳು ಹರಿದುಹೋಗಿರುವುದರಿಂದ 45ರಿಂದ 50 ಸೆಕೆಂಡು ಬಂದರೂ ಸರಿಯೇ. ನಿಮ್ಮಲ್ಲಿರುವುದು 30, 35 ಸೆಕೆಂಡಿಗೇ ಮುಗಿದರೆ ಅದು 24ರಲ್ಲಿ ಓಡುತ್ತಿದೆ. ಚಂದ್ರಯಾನ 260 ಮೀಟರ್, 16ರಲ್ಲಿ ಹದಿನಾಲ್ಕು ನಿಮಿಷ. ಒಂಬತ್ತೂವರೆ ನಿಮಿಷದ ಪ್ರತಿ ಸಿಕ್ಕರೆ ಮೆಲಿಯೆಸ್ ಏನನ್ನೂ ಕತ್ತರಿಸಿಲ್ಲ, ಯಾರೋ ಅವಸರ ಮಾಡಿದ್ದಾರೆ.

ಸರಿಮಾಡುವುದು ಸುಲಭ. ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 0.67ಕ್ಕೆ ಇಳಿಸಿ, ಯೂಟ್ಯೂಬಿನಲ್ಲಾದರೆ 0.75 ಸಾಕು. ಅಂಕೆಗಿಂತ ಕಣ್ಣು ದೊಡ್ಡದು, ಆದರೆ ಮನುಷ್ಯರ ನಡಿಗೆ ನೋಡಿ ತೀರ್ಮಾನಿಸಬೇಡಿ. ನಟರು ಬೇಕೆಂದೇ ಅವಸರ ಮಾಡಿರಬಹುದು. ಭೂಮಿಗೆ ಬೀಳುವ ವಸ್ತು ನೋಡಿ. ತೋಟಗಾರನ ಪೈಪಿನಿಂದ ಚಿಮ್ಮಿದ ನೀರು ಬಾಗಿ ಕೆಳಗೆ ಬೀಳುವ ಪರಿ, ಗೋಡೆ ಬಿದ್ದಾಗ ಏಳುವ ಧೂಳು ಹರಡುವ ಪರಿ. ನೀರು ನೀರಿನಂತೆ ಬಿದ್ದರೆ ವೇಗ ಸರಿ. ಎಡಿಸನ್ ಕಂಪನಿಯ ತೀರಾ ಮೊದಲಿನ ಕೆಲವನ್ನು ಸೆಕೆಂಡಿಗೆ 30ಕ್ಕೂ ಹೆಚ್ಚು ಚೌಕದಲ್ಲಿ ತೆಗೆದಿದ್ದರು, ಅವನ್ನು ನಿಧಾನಿಸಲು ಹೋಗಬೇಡಿ.

ಶಾಲೆಯಲ್ಲಿ ಆಟ ಆಡಿಸಿದ ದಿನ ಮಗುವಿನ ಊಟವನ್ನು ಮೊದಲು ತಪ್ಪು ವೇಗದಲ್ಲಿ ಹಾಕಿದ್ದೆ, ಗೊತ್ತಾಗದೆ. ಹುಡುಗರು ಕೇಕೆ ಹಾಕಿ ನಕ್ಕರು. ಸರಿಮಾಡಿ ಮತ್ತೆ ಹಾಕಿದಾಗ ಕೋಣೆಯೇ ಗಪ್ಪಾಯಿತು. ಒಗುಸ್ತ್ ಲೂಮಿಯೇರ್ ತನ್ನ ಮಗಳಿಗೆ ಚಮಚದಲ್ಲಿ ತಿನ್ನಿಸುತ್ತಿದ್ದಾನೆ, ಪಕ್ಕದಲ್ಲಿ ತಾಯಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಳೆ, ಮಗು ಕೈಯಲ್ಲಿದ್ದ ಬಿಸ್ಕತ್ತನ್ನು ನಮ್ಮ ಕಡೆ ಚಾಚುತ್ತದೆ. ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ: "ಸಾರ್, ಹಿಂದ್ಗಡೆ ಮರ ಅಲ್ಲಾಡ್ತಿದೆ, ಯಾರು ಅಲ್ಲಾಡ್ಸಿದ್ದು?" ಪ್ಯಾರಿಸ್ಸಿನ ಮೊದಲ ಪ್ರೇಕ್ಷಕರು ಬೆರಗಾದದ್ದೂ ಆ ಎಲೆಗಳಿಗೇ. ನಾಟಕದ ಪರದೆಯ ಮೇಲಿನ ಮರ ಅಲ್ಲಾಡುತ್ತಿರಲಿಲ್ಲವಲ್ಲ.

ಹಂತ 4: ಪರದೆ ಕಟ್ಟಿ

ಬಿಳಿ ಪಂಚೆ ಸಾಕು, ಜರಿ ಅಂಚಿನದು ಬೇಡ. ಮೇಲೆ ಕೆಳಗೆ ಎರಡು ಕೋಲು ಸೇರಿಸಿ ಬಿಗಿಯಾಗಿ ಎಳೆದು ಕಟ್ಟಿ. ಕೆಳಗಿನ ಕೋಲಿಗೆ ಭಾರ ಇಲ್ಲದಿದ್ದರೆ ಫ್ಯಾನಿನ ಗಾಳಿಗೆ ಚಂದ್ರನೇ ಹೊಟ್ಟೆ ಉಬ್ಬಿಸುತ್ತಾನೆ. ಆಗಿನವರು ಕೆಲವೆಡೆ ಬಟ್ಟೆಯನ್ನು ನೀರಲ್ಲಿ ನೆನೆಸಿ ಹಿಂದಿನಿಂದ ಬೆಳಕು ಬಿಡುತ್ತಿದ್ದರು. ತೊಗಲುಗೊಂಬೆಯಾಟ ನೋಡಿದವರಿಗೆ ಇದು ಹೊಸದಲ್ಲ. ನಾನೂ ಮಾಡಿ ನೋಡಿದೆ: ನೆಂದ ಪಂಚೆಯಲ್ಲಿ ಚಿತ್ರ ಚೆನ್ನಾಗಿ ಹೊಳೆಯಿತು, ಅಮ್ಮ ನೆಲ ಒರೆಸುವಾಗ ಬೈದರು.

ಪ್ರೊಜೆಕ್ಟರ್ ಇಲ್ಲವೇ? ಟಿವಿಯೂ ಆಗುತ್ತದೆ. ಆಗ ದೀಪ ಪೂರ್ತಿ ಆರಿಸಿ, ಎಲ್ಲರ ಮೊಬೈಲು ಇನ್ನೊಂದು ಕೋಣೆಯಲ್ಲಿಡಿಸಿ. ಚಿತ್ರಗಳನ್ನು ಮೊದಲೇ ಇಳಿಸಿಕೊಂಡು ಸಾಲಾಗಿ ಒಂದು ಫೋಲ್ಡರಿನಲ್ಲಿ ಹಾಕಿಡಿ. ನಡುನಡುವೆ ಜಾಹೀರಾತು ಬಂದರೆ 1895 ಮರೆತುಹೋಗುತ್ತದೆ.

ಹಂತ 5: ಸದ್ದು ಮತ್ತು ಮಾತು

ಮೂಕಿ ಚಿತ್ರಗಳನ್ನು ಮೌನವಾಗಿ ತೋರಿಸುತ್ತಿದ್ದದ್ದು ಕಡಿಮೆ. ಪಿಯಾನೋ ಇರುತ್ತಿತ್ತು, ಎಷ್ಟೋ ಕಡೆ ಪಕ್ಕದಲ್ಲಿ ನಿಂತು ಕಥೆ ಹೇಳುವವನು ಇರುತ್ತಿದ್ದ. ಜಪಾನಿನಲ್ಲಿ ಅವರನ್ನು ಬೆನ್ಶಿ ಅನ್ನುತ್ತಿದ್ದರು, ಜನ ಅವರ ಹೆಸರು ಕೇಳಿ ಟಿಕೆಟ್ ತೆಗೆಯುತ್ತಿದ್ದರು. ನಮ್ಮ ದಕ್ಷಿಣದ ಟೆಂಟುಗಳಲ್ಲೂ ಮೂಕಿ ಕಾಲದಲ್ಲಿ ಪರದೆ ಪಕ್ಕ ನಿಂತು ಹೇಳುವವರಿದ್ದರು. ಆ ಜಾಗದಲ್ಲಿ ಈಗ ನೀವು ನಿಲ್ಲಬೇಕು.

ಸಂಗೀತಕ್ಕೆ ಹಾರ್ಮೋನಿಯಂ ಬಲ್ಲವರು ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಮಾತಿಲ್ಲದ ಯಾವುದಾದರೂ ವಾದ್ಯಸಂಗೀತ ಸಣ್ಣದಾಗಿ ಇರಲಿ. ಹಾಡು ಬೇಡವೇ ಬೇಡ, ಸಾಹಿತ್ಯ ಕಿವಿಗೆ ಬಿದ್ದ ಕೂಡಲೇ ಕಣ್ಣು ಸೋಮಾರಿಯಾಗುತ್ತದೆ. ಸದ್ದುಗಳನ್ನು ಮಕ್ಕಳಿಗೆ ವಹಿಸಿ: ಕುದುರೆಗೆ ಎರಡು ತೆಂಗಿನ ಚಿಪ್ಪು, ಗೋಡೆ ಬೀಳುವಾಗ ಸ್ಟೀಲ್ ತಟ್ಟೆಯ ರಾಶಿ, ರೈಲಿಗೆ ಡಬ್ಬಿಯಲ್ಲಿ ಹಾಕಿದ ಮಂಡಕ್ಕಿ. ಕೆಲಸ ಕೊಟ್ಟ ಮೇಲೆ ಅಕ್ಕನ ಮಕ್ಕಳು ಅಂಗಳಕ್ಕೆ ಹೋದದ್ದೇ ಇಲ್ಲ.

ಮಾತಿಗೆ ಒಂದೇ ನಿಯಮ: ಚಿತ್ರಕ್ಕೆ ಮುಂಚೆ ಹೇಳಿ, ಚಿತ್ರದ ಮೇಲೆ ಹೇಳಬೇಡಿ. ಎಲ್ಲಿ ನೋಡಬೇಕು ಎಂದಷ್ಟೇ ಹೇಳಿ, ಏನಾಗುತ್ತದೆ ಎಂದು ಬಿಟ್ಟುಕೊಡಬೇಡಿ. ನಾನು ಹೇಳುವುದು ಸುಮಾರಿಗೆ ಹೀಗೆ.

ತೋಟಗಾರನ ಚಿತ್ರಕ್ಕೆ: "ಹುಡುಗ ತಪ್ಪಿಸಿಕೊಂಡ ಮೇಲೆ ತೋಟಗಾರ ಅವನನ್ನ ಎಲ್ಲಿಗೆ ಎಳ್ಕೊಂಡು ಬರ್ತಾನೆ ನೋಡಿ." ಹುಡುಗ ಚೌಕಟ್ಟಿನ ಅಂಚಿಗೆ ಓಡುತ್ತಾನೆ, ಅವನು ಬೆನ್ನಟ್ಟಿ ಹಿಡಿದು ಮತ್ತೆ ನಡುವಿಗೇ ಎಳೆತಂದು ಬಾರಿಸುತ್ತಾನೆ. ಸಿಟ್ಟು ಬಂದವನು ಸಿಕ್ಕಲ್ಲೇ ಬಾರಿಸುತ್ತಾನೆ. ಇವನಿಗೆ ಕ್ಯಾಮೆರಾ ಎಲ್ಲಿದೆ ಎಂದು ಗೊತ್ತು.

ಗೋಡೆಯ ಚಿತ್ರಕ್ಕೆ ಏನೂ ಹೇಳುವುದಿಲ್ಲ, ಎರಡು ಸಲ ಹಾಕುತ್ತೇನೆ. ಎರಡನೆಯ ಸಲ ತಿರುವುಮುರುವಾಗಿ. ಮೊಬೈಲಿನ ಯಾವ ವಿಡಿಯೋ ಆ್ಯಪಿನಲ್ಲಾದರೂ ರಿವರ್ಸ್ ಮಾಡಿಟ್ಟುಕೊಳ್ಳಬಹುದು. ಧೂಳೆಲ್ಲ ಒಳಕ್ಕೆ ಹೀರಿಕೊಂಡು ಕಲ್ಲುಗಳು ಒಟ್ಟಾಗಿ ಗೋಡೆ ತಾನೇ ಎದ್ದು ನಿಲ್ಲುತ್ತದೆ. ಇದು ನನ್ನ ಕಿತಾಪತಿಯಲ್ಲ, ಆಗಿನವರೂ ಹೀಗೇ ತೋರಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು. ಬೊಂಬಾಯಿಯ ಆರು ಚಿತ್ರಗಳಲ್ಲೂ ಈ ಗೋಡೆಯದು ಇತ್ತು.

ದೊಡ್ಡ ನುಂಗಿಗೆ: "ಇವನಿಗೆ ಫೋಟೋ ತೆಗೆಸಿಕೊಳ್ಳೋದು ಇಷ್ಟ ಇಲ್ಲ." ಅಷ್ಟೇ. ಬೈಯುತ್ತ ಬೈಯುತ್ತ ಹತ್ತಿರ ಬರುತ್ತಾನೆ, ಬಾಯಿ ಪರದೆ ತುಂಬುತ್ತದೆ, ಕ್ಯಾಮೆರಾ ಸಮೇತ ಕ್ಯಾಮೆರಾದವನು ಆ ಕತ್ತಲಿಗೆ ಬೀಳುತ್ತಾನೆ, ಇವನು ಮೆಲ್ಲುತ್ತ ಹಿಂದೆ ಸರಿಯುತ್ತಾನೆ. ಮುಗಿದ ಮೇಲೆ ಕೇಳಿ: ಕ್ಯಾಮೆರಾವನ್ನೇ ನುಂಗಿದ್ದರೆ ಆಮೇಲಿನದ್ದನ್ನು ತೆಗೆದವರು ಯಾರು?

ಹಂತ 6: ಬಿಡುವಿನಲ್ಲಿ ಗುಟ್ಟು ಬಿಚ್ಚಿ

ಚುರುಮುರಿ ಹಂಚುವ ಹೊತ್ತಿನಲ್ಲಿ ನಾಲ್ಕು ತಲೆಯ ಚಿತ್ರವನ್ನು ಮತ್ತೆ ಹಾಕಿ ನಿಲ್ಲಿಸಿ. ಮೆಲಿಯೆಸ್ ತನ್ನ ತಲೆ ಕಿತ್ತು ಮೇಜಿನ ಮೇಲಿಡುತ್ತಾನೆ, ಅದು ಮಾತಾಡುತ್ತದೆ. ಕಪ್ಪು ಹಿನ್ನೆಲೆಯ ಮುಂದೆ ತೆಗೆದು, ಅದೇ ಸುರುಳಿಯನ್ನು ಹಿಂದಕ್ಕೆ ಸುತ್ತಿ, ಖಾಲಿ ಉಳಿದ ಜಾಗದಲ್ಲಿ ಮತ್ತೆ ತೆಗೆದದ್ದು. ಒಂದು ತಲೆ ತಪ್ಪಿದರೂ ಮೊದಲಿಂದ ಶುರು.

ಇನ್ನೊಂದು ಗುಟ್ಟನ್ನು ಚಂದ್ರಯಾನ ಮುಗಿದ ಮೇಲೆ ತೋರಿಸಿ. ಚಂದ್ರನ ಮೇಲಿನವರಿಗೆ ಕೊಡೆಯಿಂದ ಬಡಿದರೆ ಅವರು ಹೊಗೆಯಾಗುತ್ತಾರೆ. ಆ ಜಾಗಕ್ಕೆ ಬಂದು ವಿಎಲ್‌ಸಿಯಲ್ಲಿ 'ಇ' ಗುಂಡಿ ಒತ್ತುತ್ತ ಚೌಕ ಚೌಕವಾಗಿ ಸಾಗಿ. ಒಂದು ಚೌಕದಲ್ಲಿ ಮನುಷ್ಯ, ಮುಂದಿನದರಲ್ಲಿ ಬರೀ ಹೊಗೆ. ನಡುವೆ ಕ್ಯಾಮೆರಾ ನಿಲ್ಲಿಸಿ, ನಟ ಪಕ್ಕಕ್ಕೆ ಸರಿದು, ಹೊಗೆ ಎಬ್ಬಿಸಿ ಮತ್ತೆ ಹಿಡಿ ತಿರುಗಿಸಿದ್ದಾರೆ. ಆಮೇಲೆ ಕತ್ತರಿ ಅಂಟು ಹಿಡಿದು ಹೊಂದಿಕೆ ನುಣುಪಾಗಿಸಿದ್ದಾರೆ. ರೈಲು ದರೋಡೆಯಲ್ಲಿ ಓಡುವ ರೈಲಿನ ಮೇಲೆ ಹೊಡೆದಾಡಿ ಒಬ್ಬನನ್ನು ಎತ್ತಿ ಎಸೆಯುವುದೂ ಹೀಗೆಯೇ, ಎಸೆಯುವ ಹೊತ್ತಿಗೆ ಅವನು ಬಟ್ಟೆಯ ಗೊಂಬೆ. ಮೇಷ್ಟರೊಬ್ಬರು ಗುಟ್ಟು ಹೇಳಿದರೆ ಮಜಾ ಹೋಗುತ್ತದೆ ಅಂದರು. ನನ್ನ ಅನುಭವದಲ್ಲಿ ಮಕ್ಕಳು ಇನ್ನೊಮ್ಮೆ ನೋಡುವುದು ಗುಟ್ಟು ಗೊತ್ತಾದ ಮೇಲೆಯೇ.

ಚಂದ್ರಯಾನದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಯಾತ್ರಿಕರು ಕೂತ ಫಿರಂಗಿ ಗುಂಡು ಹೋಗಿ ಚಂದ್ರನ ಕಣ್ಣಿಗೆ ನೆಟ್ಟಿತು, ಮುಂದಿನ ದೃಶ್ಯದಲ್ಲಿ ಅದೇ ಗುಂಡು ಚಂದ್ರನ ನೆಲಕ್ಕೆ ಮತ್ತೆ ಬಂದು ಇಳಿಯಿತು. ಎರಡು ಸಲ ಯಾಕೆ? ಯಕ್ಷಗಾನ ನೋಡಿದವರಿಗೆ ಉತ್ತರ ಸುಲಭ. ಭಾಗವತರು ಪದದಲ್ಲಿ ಹಾಡಿದ್ದನ್ನೇ ವೇಷಧಾರಿ ಅರ್ಥದಲ್ಲಿ ಮತ್ತೆ ಹೇಳುತ್ತಾನೆ, ಯಾರೂ ಕಥೆ ಹಿಂದೆ ಹೋಯಿತು ಅನ್ನುವುದಿಲ್ಲ. ಪೋರ್ಟರ್ ಕೂಡ 1903ರಲ್ಲೇ ಹೊರಬಂದ ತನ್ನ ಅಗ್ನಿಶಾಮಕದವರ ಚಿತ್ರದಲ್ಲಿ ಅದೇ ತಾಯಿಮಗುವನ್ನು ಒಮ್ಮೆ ಮನೆಯ ಒಳಗಿನಿಂದ, ಒಮ್ಮೆ ಹೊರಗಿನಿಂದ ಕಾಪಾಡಿಸುತ್ತಾನೆ.

ಕೋಲ್‌ನ ಗೆರೆಚಿತ್ರದ ಬಗ್ಗೆ ಹೆಚ್ಚು ಮಾತು ಬೇಡ. ಸುಮಾರು 700 ಚಿತ್ರ ಬರೆದು ನೆಗೆಟಿವ್ ಮಾಡಿದ್ದರಿಂದ ಹಲಗೆಯ ಮೇಲೆ ಬಳಪದಲ್ಲಿ ಬರೆದಂತೆ ಕಾಣುತ್ತದೆ ಎಂದರೆ ಸಾಕು.

ಹಂತ 7: ಕೊನೆಯ ಗುಂಡು ಎಲ್ಲಿ?

ರೈಲು ದರೋಡೆಯಲ್ಲಿ ಒಂದು ದೃಶ್ಯ ಕಥೆಗೆ ಅಂಟಿಕೊಂಡಿಲ್ಲ. ಟೋಪಿ ಹಾಕಿದ ಮೀಸೆಯ ದರೋಡೆಗಾರನೊಬ್ಬ ಎದೆಮಟ್ಟದಲ್ಲಿ ಕಾಣಿಸಿ, ಪಿಸ್ತೂಲನ್ನು ನೇರ ನಮ್ಮ ಕಡೆ ಹಿಡಿದು ಹಾರಿಸುತ್ತಾನೆ. ಇದನ್ನು ಮೊದಲಿಗಾದರೂ ಹಾಕಿ, ಕೊನೆಗಾದರೂ ಹಾಕಿ, ನಿಮ್ಮಿಷ್ಟ ಎಂದು ಎಡಿಸನ್ ಕಂಪನಿಯ ಪಟ್ಟಿಯಲ್ಲೇ ಅಚ್ಚಾಗಿತ್ತು. ತೋರಿಸುವವನಿಗೆ ಬಿಟ್ಟುಕೊಟ್ಟ ಇಂಥ ಅಧಿಕಾರ ಇವತ್ತು ಯಾವ ಥಿಯೇಟರಿನವನಿಗಿದೆ?

ಎರಡೂ ಮಾಡಿ ನೋಡಿದ್ದೇನೆ. ಮೊದಲೇ ಹಾಕಿದರೆ ಮಕ್ಕಳು ಹನ್ನೆರಡು ನಿಮಿಷವೂ ಆ ಮೀಸೆಯವನು ಯಾವಾಗ ಬರುತ್ತಾನೆ ಎಂದು ಹುಡುಕುತ್ತ ಕೂರುತ್ತಾರೆ, ಕಥೆ ತಲೆಗೆ ಹೋಗುವುದಿಲ್ಲ. ಕೊನೆಗೆ ಹಾಕುವುದಾದರೆ ದರೋಡೆಗಾರರೆಲ್ಲ ಸತ್ತ ಮೇಲೆ ಪರದೆ ಎರಡು ಸೆಕೆಂಡು ಕಪ್ಪಾಗಲಿ, ಸಂಗೀತ ನಿಲ್ಲಿಸಿ, ಯಾರೋ ಚಪ್ಪಾಳೆಗೆ ಕೈ ಎತ್ತುವ ಹೊತ್ತಿಗೆ ಬಿಡಿ. ತಟ್ಟೆ ಬಾರಿಸುವವರಿಗೆ ಮೊದಲೇ ಕಣ್ಸನ್ನೆ ಇರಲಿ.

ದೀಪ ಹಾಕಲು ಅವಸರ ಬೇಡ. "ಇನ್ನೊಂದು" ಎಂದು ಕೂಗುತ್ತಾರೆ, ಅದಕ್ಕೆಂದೇ ಒಂದನ್ನು ಕೈಯಲ್ಲಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳುವುದು ದಾದಾಸಾಹೇಬ್ ಫಾಲ್ಕೆಯ 1919ರ ಕಾಳಿಯ ಮರ್ದನದ ಆರಂಭದ ತುಣುಕು. ಕೃಷ್ಣನ ಪಾತ್ರ ಮಾಡಿದ ಅವರದೇ ಮಗಳು ಮಂದಾಕಿನಿ, ಕಥೆ ಶುರುವಾಗುವ ಮುಂಚೆ ಕ್ಯಾಮೆರಾ ಎದುರು ಕೂತು ಒಂದೊಂದೇ ಮುಖಭಾವ ತೋರಿಸುತ್ತಾಳೆ. ಕಳೆದ ಸಲ ಚಿಕ್ಕವಳು ಪಂಚೆಯ ಹತ್ತಿರ ಹೋಗಿ ನಿಂತು ಅವಳಂತೆಯೇ ಹುಬ್ಬು ಕುಣಿಸುತ್ತಿದ್ದಳು. ಬೆಳಕು ಅವಳ ಬೆನ್ನಿಗೆ ಬಿದ್ದು ಪರದೆ ತುಂಬ ಎರಡು ಜಡೆಯ ನೆರಳು. ಕೂತವರೆಲ್ಲ ಬೈದರು, ನಾನು ನಿಲ್ಲಿಸಲಿಲ್ಲ.